ಬಸ್ಸಲ್ಲಿ ಕಳೆದ ಹೊತ್ತು ಯಾರ ಲೆಕ್ಕಕ್ಕೆ?

ಅಮೆರಿಕಾದಲ್ಲಿ ಸೀಸನ್ ಟೈಮಲ್ಲಿ ಕಾಲೇಜ್ ಸಾಕರ್ (ನಮ್ಮ ಫುಟ್‌ಬಾಲೇ) ಆಡೋರಿಗೆ ಆಟಕ್ಕೆ ಹೋಗೋದು ವಾರಕ್ಕೆ 20 ಗಂಟೆ ಅಷ್ಟೇ, ಮಿಕ್ಕಿದ್ದೆಲ್ಲ ಓದೋಕೆ ಸಿಗುತ್ತೆ ಅಂತ ನಿಮ್ಮ ಲೇಖನದಲ್ಲಿ ಬರ್ದಿದೀರಲ್ಲ ಸಾರ್, ಅದು ಎನ್‌ಸಿಎಎ (ಅಲ್ಲಿ ಕಾಲೇಜ್ ಕ್ರೀಡೆ ನೋಡ್ಕೊಳ್ಳೋ ಸಂಸ್ಥೆ) ರೂಲ್ ಬುಕ್ಕಿನ 20 ಗಂಟೆ. ಮ್ಯಾಚ್ ದಿನ ಬೆಳಗ್ಗಿಂದ ರಾತ್ರಿ ತನಕ ಒದ್ದಾಡಿದ್ರೂ ಬರ್ಕೊಳ್ಳೋದು ಬರೀ 3 ಗಂಟೆ, ಪ್ರಯಾಣ ಅಂತೂ ಲೆಕ್ಕದಲ್ಲೇ ಇಲ್ಲ. ನಾನು ಅಲ್ಲಿ ಡಿಗ್ರಿ ಓದ್ವಾಗ ಡಿವಿಷನ್ ಒನ್ (ಕಾಲೇಜ್ ಆಟದ ಮೇಲಿನ ದರ್ಜೆ) ಟೀಮಲ್ಲಿ ಮೂರನೇ ಗೋಲ್‌ಕೀಪರ್ ಆಗಿದ್ದೆ, ಅಂದ್ರೆ ಆಡಿದ್ದು ಕಮ್ಮಿ, ಬೆಂಚ್ ಬಿಸಿ ಮಾಡಿದ್ದೇ ಜಾಸ್ತಿ, ಆಗಸ್ಟಿಂದ ನವೆಂಬರ್ ತನಕ ಶುಕ್ರವಾರ ಒಂದೂರು ಭಾನುವಾರ ಇನ್ನೊಂದೂರು, ಆಗ ಡ್ರಾ ಆದ್ರೆ 10 ನಿಮಿಷದ ಎರಡು ಎಕ್ಸ್‌ಟ್ರಾ ಟೈಮ್ ಬೇರೆ ಇರ್ತಿತ್ತು (ಲೀಗ್ ಮ್ಯಾಚಲ್ಲಿ 2022ರಲ್ಲಿ ಅದನ್ನ ತೆಗೆದ್ರು, ಪುಣ್ಯ), ಮುಗಿಸ್ಕೊಂಡು ರಾತ್ರಿ ಎರಡು ಗಂಟೆಗೆ ಹಾಸ್ಟೆಲ್ ಸೇರಿ ಎಂಟಕ್ಕೆ ಕೆಮಿಸ್ಟ್ರಿ ಕ್ಲಾಸಿಗೆ ಓಡ್ತಿದ್ವಿ.

ಹಂಗಂತ ದೂರಲ್ಲ ಇದು. ಗೆದ್ದಾಗ ದೋಸ್ತಿ ಬೆಳೆಯುತ್ತೆ ಅನ್ನೋ ನಿಮ್ಮ ಮಾತೂ ನಂಗೆ ಒಪ್ಪಿಗೆ ಇಲ್ಲ. ಸತತ ನಾಕು ಮ್ಯಾಚ್ ಸೋತು ಬರ್ವಾಗ ಆ ಕತ್ತಲೆ ಬಸ್ಸಲ್ಲಿ ಯಾರೂ ಉಸಿರೆತ್ತದೆ ಕೂತಿದ್ದಾಗ ನಮ್ಮಮ್ಮ ಕಳಿಸಿದ್ದ ಕೋಡುಬಳೆ ಡಬ್ಬ ತೆಗೆದೆ, ಘಾನಾದ ಹುಡುಗ ಒಂದು ಕಚ್ಚಿ ನಕ್ಕ, ಆಮೇಲೆ ಇಡೀ ಬಸ್ಸು. ನಂಗಿಂತ ಚೆನ್ನಾಗಿ ಆಡ್ತಿದ್ದ ಮೇನ್ ಕೀಪರ್ ಕೊನೇ ತುಂಡನ್ನ ನಂಗೇ ಇಟ್ಟಿದ್ದ. ಈಗ್ಲೂ ಫೋನ್ ಮಾಡಿದ್ರೆ ಮೊದ್ಲು ಕೇಳೋದು ಆ ಡಬ್ಬದ ವಿಷ್ಯಾನೇ.