ಬಾಡಿಗಿ ಕೊಡದ ಕಲಾವಿದರ ಬಾಗ್ಲಾ ಎಷ್ಟಕ್ಕ ಹೋತು?

ಬಾಗಲಕೋಟಿ ಬಸ್‌ಸ್ಟ್ಯಾಂಡ್ ಕಡೆ ನಮ್ಮ ಗೆಳೆಯಾರ ಒಬ್ರದು ಹಳೇ ಲಾಡ್ಜ್ ಐತ್ರಿ, ಹೆಸರು ಬ್ಯಾಡ ಬಿಡ್ರಿ, ಸಾಹುಕಾರ್ರು ಅಂದ್ರ ಸಾಕು. ಈಗ ಅವ್ರಿಗಿ ಜೀರ್ಣೋದ್ಧಾರದ ಹುಚ್ಚ ಹಿಡದೈತಿ. ಹಿಡಿಸಿದ್ದು ಮೊಬೈಲ್ ಒಳಗಿನ ಒಂದು ವಿಡಿಯೋ, ನ್ಯೂಯಾರ್ಕ್‌ನ ಚೆಲ್ಸಿ ಹೋಟೆಲ್‌ದು.

ಆ ಹೋಟೆಲ್ ಕತಿ ಖರೇನ ಮಜಾ ಐತಿ. 1884ರ ಹೊತ್ತಿಂದು, ಕೆಂಪ ಇಟ್ಟಂಗಿದು, 12 ಅಂತಸ್ತು. ಬಾಬ್ ಡಿಲನ್, ಲೆನಾರ್ಡ್ ಕೋಹೆನ್, ಪ್ಯಾಟಿ ಸ್ಮಿತ್ ಅಂತ ಜಗತ್ತಿಗೇ ಹೆಸರಾದ ಹಾಡುಗಾರ್ರು ಎಲ್ಲಾರೂ ಅಲ್ಲೇ ಇದ್ದವ್ರು, ಹಾಡೋರು ಬರ್ಯೋರು ಚಿತ್ರಾ ತಗ್ಯೋರು ಎಲ್ಲಾ ಒಂದ ಸೂರಿನ ಕೆಳಗ, ಹಂಗಾದ ಮ್ಯಾಲ ತಿಂಗಳಾ ಬಾಡಿಗಿ ಟೈಮಿಗೆ ಬರ್ತಿತ್ತು ಅಂತ ಯಾರರ ಹೇಳಿದ್ರ ನೀವೂ ನಂಬಬ್ಯಾಡ್ರಿ. ಮ್ಯಾನೇಜರ್ ಸ್ಟ್ಯಾನ್ಲಿ ಬಾರ್ಡ್ ಅಂತ ಒಬ್ಬ ಪುಣ್ಯಾತ್ಮ, ರೊಕ್ಕಿಲ್ಲ ಅಂದವ್ರ ಕಡೆ ಚಿತ್ರಾನ ತಗೊಂಡು ಲಾಬಿಗೆ, ಪಾವಟಿಗಿ ಗ್ವಾಡಿಗೆಲ್ಲಾ ನೇತ ಹಾಕ್ತಿದ್ದ. ನಮ್ಮ ಕಡೆ ಇದಕ್ಕ ಉದ್ರಿ ಅಂತಾರ, ಅಲ್ಲಿ ಇತಿಹಾಸ ಆತು.

ಮುಂದ 2007ರಾಗ ಆ ಬಾರ್ಡ್‌ನ್ನ ತಗದ್ರು. 2011ರಾಗ ಹೋಟೆಲ್ ಮಾರಾಟಾತು, ಗಿರಾಕಿಗೆ ಬಾಗ್ಲಾ ಹಾಕಿದ್ರು, ಗ್ವಾಡಿ ಮ್ಯಾಲಿನ ಚಿತ್ರ ಇಳಿಸಿದ್ರು. ರಿಪೇರಿ ಎಷ್ಟ ದಿನ ಅಂತೀರಿ? ಮತ್ತ ತಗದದ್ದು 2022ಕ್ಕ. ನಡುವ ಮಾಲಕರು ಬದಲಾದ್ರು, ಆದ್ರ ಒಳಗ ಹಳೇ ಬಾಡಿಗಿದಾರ್ರು ಕೆಲವರು ಬಿಟ್ಟ ಹೋಗಲಿಲ್ಲ, ಧೂಳು ತಿನ್ಕೋತ, ಡ್ರಿಲ್ ಮಷೀನ್ ಸಪ್ಪಳದಾಗ ಅಲ್ಲೇ ಕುಂತ್ರು. ಸರ್ಕಾರದ ರಕ್ಷಣೆ ಇರಲಿಲ್ಲೇನು ಅಂತೀರೇನು, ಇತ್ರಿ! 1966ರಾಗನ ನಗರದವ್ರು ಪಾರಂಪರಿಕ ಕಟ್ಟಡ ಅಂತ ಸಾರ್ಯಾರ, ಆದ್ರ ಅದು ಹೊರಗಿನ ಮುಖಕ್ಕಷ್ಟ. ಹೊರಗ ಒಂದ ಇಟ್ಟಂಗಿ ಅಲಗ್ಯಾಡಿಸಂಗಿಲ್ಲ, ಒಳಗ ಮನಷ್ಯಾನ್ನ ಅಲಗ್ಯಾಡಿಸಬಹುದು.

ಆದ್ರ ನಮ್ಮ ಸಾಹುಕಾರ್ರ ಕಣ್ಣ ನಿಂತದ್ದು ಇದ್ಯಾವದರ ಮ್ಯಾಲೂ ಅಲ್ಲ, ಬಾಗ್ಲಾದ ಮ್ಯಾಲ. ರಿಪೇರಿ ಟೈಮಿನಾಗ ಹಳೇ ಬಾಗ್ಲಾ ಕಿತ್ತು ಕಸಕ್ಕ ಒಗದಿದ್ರಂತ, ಮೊದ್ಲ ಅಲ್ಲೇ ಬಾಡಿಗಿಗಿದ್ದು ಆಮ್ಯಾಲ ಬೀದಿಗೆ ಬಿದ್ದಿದ್ದ ಒಬ್ಬಾಂವ ಅವನ್ನ ಎತ್ತಿ ಇಟ್ಟಿದ್ದ, ಯಾವ ಬಾಗ್ಲಾ ಯಾರ ರೂಮಿಂದು ಅಂತ ಹುಡುಕಿದ, 2018ರಾಗ ಹರಾಜಾದುವು. ಬಾಬ್ ಡಿಲನ್ ರೂಮಿನ ಬಾಗ್ಲಾ 1 ಲಕ್ಷ ಡಾಲರ್. ಆಗಿನ ರೇಟಿಗೆ ಸುಮಾರು 65 ಲಕ್ಷ ರೂಪಾಯಿ! ಬರೇ ಬಾಗ್ಲಾ, ಚೌಕಟ್ಟ ಇಲ್ಲ.

"ಅಲ್ಲೋ ಮಾರಾಯಾ, ಆಲಮಟ್ಟಿ ಹಿನ್ನೀರಿಗೆ ಊರ ಮುಳುಗೂ ಮುಂದ ನಾವೂ ಬಾಗ್ಲಾ ಕಿತ್ಕೊಂಡ ನವನಗರಕ್ಕ ಬಂದೇವಲ್ಲ, ನಮಗ ಯಾರೂ ಲಕ್ಷ ಕೊಡಲಿಲ್ಲ" ಅಂದ್ರು ಸಾಹುಕಾರ್ರು. ನಿಮ್ಮ ಬಾಗ್ಲಾದ ಹಿಂದ ಯಾರೂ ಹಾಡಿರಲಿಲ್ಲರಿ, ಜಗಳಾಡಿದ್ದಷ್ಟ, ಅಂದೆ. ಅಲ್ಲಿಂದ ಶುರುವಾತು ನೋಡ್ರಿ.

ಅವ್ರ ಲಾಡ್ಜಿನಾಗ ಒಂದ ಕಾಲಕ್ಕ ನಾಟಕ ಕಂಪನಿಯವ್ರು ಇಳೀತಿದ್ರು. ಬನಶಂಕರಿ ಜಾತ್ರಿ ಬಂತಂದ್ರ ಕಂಪನಿ ಟೆಂಟ್ ಸಾಲಾಗಿ ಏಳ್ತಾವು, ತಿಂಗಳಗಟ್ಲೆ ರಾತ್ರಿ ನಾಟಕ, ಹೋಗ್ತ ಬರ್ತ ಕಲಾವಿದರು ಇಲ್ಲಿ ಉಳಕೋತಿದ್ರು. ಕಲೆಕ್ಷನ್ ಬೀಳದಿದ್ದ ವರ್ಷ ಸಾಹುಕಾರ್ರ ತಂದಿ ಒಬ್ಬ ಮಾಸ್ತರ್ರ ಹಾರ್ಮೋನಿಯಂ ಪೇಟಿ ಒತ್ತಿ ಇಟ್ಕೊಂಡಿದ್ರು, ಅದು ಇನ್ನೂ ಕೌಂಟರ್ ಕೆಳಗ ಐತಿ, ಎರಡ ಮನಿ ಒತ್ತಿದ್ರ ಏಳೂದಿಲ್ಲ, ಮ್ಯಾಲ ಚಾದ ಕಪ್ಪಿನ ಕಲಿ. ಈಗ ಅದಕ್ಕ ಗಾಜಿನ ಪೆಟಗಿ ಮಾಡಾಕ ಹೇಳ್ಯಾರ. ಕಲಿ ಒರಸಬ್ಯಾಡ ಅಂತ ಹುಡುಗಗ ತಾಕೀತು, ಹಳೇದ ಕಾಣಬೇಕಲ್ಲ!

ಪ್ಲ್ಯಾನ್ ಕೇಳ್ರಿ. ಒಂದನೇ ನಂಬರ್ ರೂಮ್ "ನಾಯಕನಟ ಸೂಟ್", ಬಾಜೂಕಿಂದು "ಹಾಸ್ಯನಟ ಡಿಲಕ್ಸ್", ಪಾಯಖಾನಿ ಪಕ್ಕದ್ದು ಖಳನಾಯಕಗ. ಪೇಟಿ ಮಾಸ್ತರ್ರು ಮಲಗ್ತಿದ್ದ ಪಡಸಾಲಿ ಈಗ ಎಸಿ, ರಾತ್ರಿಗೆ ಸಾವಿರಗಟ್ಲೆ. ಆ ಮಾಸ್ತರ್ರು ಎದ್ದ ಬಂದ್ರ ತಾವು ಮಲಗಿದ್ದ ಜಾಗಾಕ್ಕ ಒಂದ ರಾತ್ರಿ ಬಾಡಿಗಿ ಕೊಡಾಕ ಇನ್ನೊಂದ ಪೇಟಿ ಒತ್ತಿ ಇಡಬೇಕು. ಕೆಳಗ ಖಾನಾವಳಿ ಕಿತ್ತಿ ಕೆಫೆ, ಅಲ್ಲಿ ರೊಟ್ಟಿ ಝುಣಕಾ ಸಿಗತೈತಿ ಆದ್ರ ಹಲಗಿ ಮ್ಯಾಲ ಇಟ್ಟ ಕೊಡ್ತಾರ, ತಾಟು ಕೇಳಿದ್ರ ಹಳ್ಳಿಮಂದಿ ಅಂತ ನೋಡ್ತಾರ.

ಇಷ್ಟ ಹೇಳೂದ್ರಾಗ ಸಾಹುಕಾರ್ರ ಫೋನ್ ಬಾರಿಸ್ತು. ಯಾವುದೋ ಕಂಪನಿ ಮ್ಯಾನೇಜರ್, ಜಾತ್ರಿಗೆ ಕಲಾವಿದರಿಗೆ ನಾಲ್ಕ ರೂಮ್ ಬೇಕಂತ, ತಿಂಗಳಾ ಲೆಕ್ಕದಾಗ.

"ಇಲ್ಲರಿ ಅಣ್ಣಾರ, ನಾಟಕದವ್ರಿಗಿ ಕೊಡೂದು ಬಿಟ್ಟೇವಿ. ರಾತ್ರಿ ಮೂರಕ್ಕ ಬಂದು ಗೇಟ್ ಬಡೀತಾರ, ಬಣ್ಣ ಹತ್ತಿ ಹಾಸಿಗಿ ಕೆಡ್ತಾವು" ಅಂದ್ರು. ಆಮ್ಯಾಲ ಒಂದ ಚೂರು ದನಿ ಸಣ್ಣ ಮಾಡಿ, "ಹಾಂ, ನಿಮ್ಮ ಕಡೆ ಹರದ ಪರದೆ, ಹಳೇ ಕಿರೀಟ ಏನರ ಇದ್ರ ಕಳಸಿ ಬಿಡ್ರಿ ಮತ್ತ, ರಿಸೆಪ್ಷನ್ ಗ್ವಾಡಿ ಖಾಲಿ ಐತಿ."