ಆರನೇ ಇಯತ್ತೆಯ ಸಿಇಒ

ನಮ್ಮ ಮನೆಯಲ್ಲೀಗ ಒಬ್ಬ ಸಿಇಒ ಇದ್ದಾನೆ. ಆರನೇ ಇಯತ್ತೆ, ಬಿ ವಿಭಾಗ. ಮಗ್ಗಿ ಹದಿನೇಳಾರಲೆಗೆ ಬಂದು ನಿಲ್ಲುತ್ತದೆ. ಆದರೆ ವಿಸಿಟಿಂಗ್ ಕಾರ್ಡ್ ಇದೆ, ನನ್ನ 300 ರೂಪಾಯಿ ಖರ್ಚಿನಲ್ಲಿ.

ನಾವು ಕಲಿಯುವಾಗ ಮಾಸ್ತರರು, 'ಲೆಕ್ಕಾ ಕಲೀಲಿಲ್ಲಂದ್ರ ಗಾಂಧಿ ಚೌಕದಾಗ ಲಿಂಬಿಹಣ್ಣು ಮಾರ್ತಿ ನೋಡು' ಎಂದು ಬೈಯುತ್ತಿದ್ದರು. ಈಗ ಅದೇ ಲಿಂಬೆಹಣ್ಣು ಮಾರಿಸಲು ಶಾಲೆ 1200 ರೂಪಾಯಿ ಫೀ ಕಟ್ಟಿಸಿಕೊಳ್ಳುತ್ತದೆ. ಹೆಸರು 'ಬಾಲ ಉದ್ಯಮಿ ದಿನ'. ದಿಲ್ಲಿಯಲ್ಲಿ 2016ರಲ್ಲಿ ಸ್ಟಾರ್ಟ್‌ಅಪ್ ಇಂಡಿಯಾ ಶುರುವಾಯಿತು, 2021ರಲ್ಲಿ ಟಿವಿಗೆ ಹೊಸ ಉದ್ಯಮಿಗಳು ಸಾಹುಕಾರರ ಮುಂದೆ ಬಂಡವಾಳ ಕೇಳುವ ಶಾರ್ಕ್ ಟ್ಯಾಂಕ್ ಬಂತು. ಆ ಗಾಳಿ ವಿಜಯಪುರ ಮುಟ್ಟುವಷ್ಟರಲ್ಲಿ ಹಾಲುಹಲ್ಲು ಬೀಳದವರ ತನಕ ಬೀಸತೊಡಗಿದೆ.

ಮಾರ್ಚ್ ಬಿಸಿಲಲ್ಲಿ ಕೋಟು ಹಾಕಿಕೊಂಡು ಬಂದ ಭಾಷಣಕಾರರು, 'ಕೆಲಸ ಕೇಳಬೇಡಿ, ಕೆಲಸ ಕೊಡಿ' ಎಂದರು. ಮಗ ಚಾಚೂ ತಪ್ಪದೆ ಪಾಲಿಸಿದ. ಮರುದಿನ ಬೆಳಿಗ್ಗೆ ಐದಕ್ಕೇ ಅವ್ವನಿಗೆ ಕೆಲಸ ಕೊಟ್ಟ: 200 ಇಂಡಿ ಲಿಂಬೆ ಹಿಂಡುವುದು. ನನಗೆ ಬರ್ಫ ತರುವ ಕೆಲಸ. ಅಜ್ಜನಿಗೆ ಫಂಡಿಂಗ್.

ಅಜ್ಜ ನಲವತ್ತು ವರ್ಷ ಅಡತಿ ಅಂಗಡಿಯಲ್ಲಿ ಕಿರ್ದಿ ಬರೆದವರು. 500 ರೂಪಾಯಿ ಎಣಿಸುತ್ತಾ ಬಡ್ಡಿ ಎಷ್ಟು ಎಂದು ಕೇಳಿದರು.

'ಬಡ್ಡಿ ಅಲ್ಲಜ್ಜಾ, ಈಕ್ವಿಟಿ. ಲಾಭ ಬಂದ್ರ ಹತ್ತು ಪರ್ಸೆಂಟ್ ನಿನಗ.'

'ಲುಕ್ಸಾನ ಆದ್ರ?'

'ಅದು ಪೂರಾ ನಿನಗ.'

ಹುಡುಗನಿಗೆ ಧಂದೆ ತಿಳಿದಿದೆ ಅನ್ನಿಸಿದ್ದು ಆಗ ಮಾತ್ರ.

ಶಾಲೆಯ ಮೈದಾನದಲ್ಲಿ 60 ಮಳಿಗೆ. ಎಲ್ಲರೂ ಸಂಸ್ಥಾಪಕರೇ, ಗ್ಲಾಸು ತೊಳೆಯುವವರು ಮಾತ್ರ ತಾಯಂದಿರು. ಗಿರಾಕಿಗಳೂ ಅವರೇ. ಇವರು ಅವರ ಮಗಳ ಕಪ್‌ಕೇಕ್ ಕೊಂಡರು, ಅವರು ಇವರ ಮಗನ ಶರಬತ್ತು ಕುಡಿದರು. ಮದುವೆಯ ಮುಯ್ಯಿ ಇದ್ದ ಹಾಗೆ, ಬಾಕಿ ಉಳಿಸಿಕೊಳ್ಳುವಂತಿಲ್ಲ. ಹಳ್ಳಿಯ ಸರ್ಕಾರಿ ಶಾಲೆಗಳಲ್ಲೂ ಮಕ್ಕಳ ಸಂತೆ ನಡೆಯುತ್ತದೆ. ಅಲ್ಲಿ ಹುಡುಗಿಯರು ಮೆಂತ್ಯೆಪಲ್ಲೆ ಸಿವುಡು ಹಿಡಿದು ಕೂಗಿ, ಚೌಕಾಸಿಗೆ ಜಗ್ಗದೆ, ಚಿಲ್ಲರೆ ಎಣಿಸಿ ಕೊಡುತ್ತಾರೆ. ಪಾಪ, ಅದಕ್ಕೆ ಮೆಟ್ರಿಕ್ ಮೇಳ ಎಂಬ ಬಡ ಹೆಸರು. ಒಬ್ಬ ಸಿಇಒನೂ ಇಲ್ಲ.

ತೀರ್ಪುಗಾರರು ನಮ್ಮ ಮಳಿಗೆಗೂ ಬಂದರು.

'ಮುಂದಿನ ಐದು ವರ್ಷದ ಪ್ಲಾನ್?'

'ಎಸ್ಸೆಸ್ಸೆಲ್ಸಿ ಪಾಸ್ ಆಗೋದು, ಸರ್.'

'ಎಕ್ಸಿಟ್ ಪ್ಲಾನ್?'

'ಹಿಂದಿನ ಗೇಟ್ರೀ. ಆಟೋ ಅಲ್ಲೇ ಬರ್ತದ.'

ಆತ್ಮವಿಶ್ವಾಸಕ್ಕೆ ಟ್ರೋಫಿ ಸಿಕ್ಕಿತು.

ಆ ಗೇಟಿನ ಹೊರಗೇ ಒಂದು ಗಾಡಿ. ನಮ್ಮ ಮಗನದು ಗ್ಲಾಸಿಗೆ 40 ರೂಪಾಯಿ, ಅಲ್ಲಿ 15. ಸಂಜೆಯಾದರೆ ಗಾಡಿಯವನ ಮಗ, ನಮ್ಮವನದೇ ವಯಸ್ಸು, ಬಂದು ಅಪ್ಪನಿಗೆ ಕೈಜೋಡಿಸುತ್ತಾನೆ. ಗಿರಾಕಿ ಹತ್ತಿರ ಬರುವುದರೊಳಗೆ 'ಸಕ್ಕರೀನೋ ಉಪ್ಪೋ?' ಎಂದು ಕೇಳಿ ಆಗಿರುತ್ತದೆ. ಭಾಷಣಕಾರರು ಕಾರು ಹತ್ತುವಾಗ ಅವನನ್ನು ನೋಡಿ, 'ಛೇ, ಬಾಲಕಾರ್ಮಿಕ' ಎಂದು ಮರುಗಿದರು. 15 ರೂಪಾಯಿಯದನ್ನೇ ಕುಡಿದರು. ಕಾಯ್ದೆ ತೆಗೆದು ನೋಡಿದರೆ ಮಜಾ ಇದೆ. 2016ರ ತಿದ್ದುಪಡಿಯ ಪ್ರಕಾರ 14 ತುಂಬದ ಮಕ್ಕಳು ಅಪಾಯವಿಲ್ಲದ ಮನೆತನದ ಉದ್ಯೋಗದಲ್ಲಿ ನೆರವಾಗಬಹುದು, ಶಾಲೆ ಬಿಟ್ಟ ಮೇಲೆ ಅಥವಾ ರಜೆಯಲ್ಲಿ. ಗಾಡಿಯ ಹುಡುಗ ಶಾಲೆ ಬಿಟ್ಟ ಮೇಲೆಯೇ ಬರುತ್ತಾನೆ. ಗಣಿತದ ಪಿರಿಯಡ್ ತಪ್ಪಿಸಿ ಶರಬತ್ತು ಮಾರಿದವನು ನಮ್ಮ ಸಿಇಒ.

ರಾತ್ರಿ ಲೆಕ್ಕಕ್ಕೆ ಕೂತೆವು. ಫೀ, ಕಾರ್ಡು, ಬ್ಯಾನರು, ಲಿಂಬೆ, ಸಕ್ಕರೆ, ಬರ್ಫ ಸೇರಿ ಲಾಗೋಡಿ 3500. ಹೋದದ್ದು 24 ಗ್ಲಾಸು, ಬಂದದ್ದು 960. ಮಗ ಪೆನ್ಸಿಲ್ ಕಚ್ಚುತ್ತಾ ಇನ್ನೊಂದು ಗುಣಾಕಾರ ಮಾಡಿದ: 60 ಮಳಿಗೆ, ತಲಾ 1200.

'ಅಪ್ಪಾ, 72,000! ಲಾಭ ಆಗಿದ್ದು ಪ್ರಿನ್ಸಿಪಾಲರಿಗೆ ಒಬ್ಬರಿಗೇ ಏನು?'

ಅಂತೂ 1200 ರೂಪಾಯಿಗೆ ಒಂದು ಗುಣಾಕಾರ ಕಲಿತ.

ಅಜ್ಜ ತಮ್ಮ 500 ಕೇಳಿದರು. ನಾನು ಸಮಾಧಾನ ಹೇಳಿದೆ: 1872ರ ಕರಾರು ಕಾಯ್ದೆಯಂತೆ 18 ತುಂಬದವನ ಜೊತೆ ಕರಾರೇ ಆಗುವುದಿಲ್ಲ, ಅಂಥವನಿಗೆ ಕೊಟ್ಟ ಸಾಲ ವಸೂಲಾಗದು ಎಂದು 1903ರಲ್ಲೇ ಲಂಡನ್ನಿನ ಪ್ರಿವಿ ಕೌನ್ಸಿಲ್, ಅಂದರೆ ಬ್ರಿಟಿಷರ ಕಾಲದ ಕೊನೆಯ ಮೇಲ್ಮನವಿ ಕೋರ್ಟು, ತೀರ್ಪು ಕೊಟ್ಟಿದೆ. ಅಜ್ಜ ಏನೂ ಮಾತಾಡಲಿಲ್ಲ. ಕನ್ನಡಕ ಏರಿಸಿ, ಹಳೇ ಕಿರ್ದಿ ಬಿಚ್ಚಿ, ಮೊಮ್ಮಗನ ಹೆಸರಿನ ಮುಂದಿದ್ದ 500 ಹೊಡೆದುಹಾಕಿ ಧರ್ಮದ ಖಾತೆಗೆ ಖರ್ಚು ಬರೆದರು.