ಮಳೆಯಲ್ಲಿ ಕೊಡೆ ಹಿಡಿದವರ ಆ ಚಿತ್ರ ಮೋನೆಯದ್ದಲ್ಲ

ಪ್ಯಾರಿಸ್‌ನ ಒದ್ದೆ ರಸ್ತೆ, ಕೊಡೆ ಹಿಡಿದ ಜೋಡಿ. ಮಳೆಗಾಲ ಬಂತೆಂದರೆ ವಾಟ್ಸಾಪ್‌ನಲ್ಲಿ ಈ ಚಿತ್ರ ಓಡಾಡುತ್ತದೆ. ಜೊತೆಗೊಂದು ಸಾಲು: 'ಮೋನೆ ಮಳೆಯಲ್ಲೇ ನಿಂತು ಒಂದೇ ಗಂಟೆಯಲ್ಲಿ ಬಿಡಿಸಿದ ಚಿತ್ರ.' ಹೆಸರಾಂತ ಫ್ರೆಂಚ್ ಚಿತ್ರಕಾರ ಕ್ಲೋದ್ ಮೋನೆ ಬಗ್ಗೆ ಹೇಳುವ ಈ ಮಾತು ಸುಳ್ಳು.

ಬಿಡಿಸಿದವರು ಇನ್ನೊಬ್ಬ ಫ್ರೆಂಚ್ ಚಿತ್ರಕಾರ ಗುಸ್ತಾವ್ ಕೈಬೋಟ್, 1877ರಲ್ಲಿ. ಈಗ ಷಿಕಾಗೋದ ಆರ್ಟ್ ಇನ್‌ಸ್ಟಿಟ್ಯೂಟ್‌ನಲ್ಲಿದೆ. ಎರಡು ಮೀಟರ್‌ಗಿಂತ ಎತ್ತರ, ಸುಮಾರು 2.76 ಮೀಟರ್ ಅಗಲದ ತೈಲವರ್ಣ. ಅಷ್ಟು ದೊಡ್ಡದನ್ನು ಮಳೆಯಲ್ಲಿ ನಿಂತು ಗಂಟೆಯೊಳಗೆ ಮುಗಿಸೋದು ಆಗುವ ಮಾತಾ? ಕೈಬೋಟ್ ಮೊದಲು ಪೆನ್ಸಿಲ್‌ನಲ್ಲಿ ಕಟ್ಟಡಗಳ ಗೆರೆ ಹಾಕಿಕೊಂಡರು, ಜನರನ್ನು ಬೇರೆಬೇರೆಯಾಗಿ ಬಿಡಿಸಿ ನೋಡಿದರು. ಆ ಕರಡುಗಳು ಇವತ್ತಿಗೂ ಉಳಿದಿವೆ.

ಇನ್ನೊಂದು ತಮಾಷೆ. ಚಿತ್ರದಲ್ಲಿ ಒಂದು ಮಳೆಹನಿಯೂ ಕಾಣಿಸುವುದಿಲ್ಲ! ಕಲ್ಲುಹಾಸಿನ ಸಂದಿಗಳಲ್ಲಿ ಮಿನುಗುವ ನೀರು, ಬೂದುಬಣ್ಣದ ಕೊಡೆಗಳು, ಅಷ್ಟೇ. ನಡುವೆ ನಿಂತ ದೀಪದ ಕಂಬ ಚಿತ್ರವನ್ನು ನೆಟ್ಟಗೆ ಎರಡು ಭಾಗ ಮಾಡುತ್ತದೆ.

ಮೋನೆ ಹೆಸರು ಸೇರಿಕೊಂಡಿದ್ದು ಹೇಗೋ? ಇಬ್ಬರೂ 1877ರ ಇಂಪ್ರೆಷನಿಸ್ಟ್ (ಬೆಳಕನ್ನೂ ಆ ಕ್ಷಣದ ನೋಟವನ್ನೂ ಹಿಡಿಯಲು ಹೊರಟ ಚಿತ್ರಕಾರರ ಗುಂಪು) ಪ್ರದರ್ಶನದಲ್ಲಿದ್ದರು. ಮೋನೆ ಅಲ್ಲಿ ಸಾಂ ಲಜಾರ್ ರೈಲು ನಿಲ್ದಾಣದ ಚಿತ್ರಗಳನ್ನಿಟ್ಟಿದ್ದರು. ಈ ಮಳೆ ಚಿತ್ರದಲ್ಲಿ ಕೈಬೋಟ್ ಬಿಡಿಸಿದ ಪ್ಯಾರಿಸ್‌ನ ಡಬ್ಲಿನ್ ಚೌಕ ಆ ನಿಲ್ದಾಣದ ಹತ್ತಿರವೇ ಇದೆ. ಫಾರ್ವರ್ಡ್ ಮಾಡುವುದಿದ್ದರೆ ಕೈಬೋಟ್ ಹೆಸರು ಹಾಕಿ ಮಾಡಿ.